ಅವ್ವ ಕುಳಿತು ಮಾತಾಡಿದಳು: ಹೊಸ ರೂಪದ ತಾಲೂಕು ಕಚೇರಿ ಹೇಗಿದೆ?

ಅಪ್ಪ ತೀರಿಕೊಂಡ ಮೇಲೆ ಹೊಲದ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಹೊಲ ವಾರಸುದಾರರ ಹೆಸರಿಗೆ, ಆಗಬೇಕಿತ್ತು. ಅದಕ್ಕೆ ಅವ್ವನನ್ನು ಕರೆದುಕೊಂಡು ಕಳೆದ ತಿಂಗಳು ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು ಕಚೇರಿಗೆ ಎರಡು ಸಲ ಹೋಗಿ ಬಂದೆ. ಒಳಗೆಲ್ಲ ಒಡೆದು ಹೊಸದಾಗಿ ಮಾಡಿದ್ದಾರೆ. ಊರ ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೆಳಗೆ ಒಂದೆರಡು ತಕರಾರೂ ಇವೆ, ಅವು ಅಲ್ಲಿ ಕುಳಿತು ದುಡಿಯುವವರ ತಪ್ಪಲ್ಲ.

ಬರೀ ಬಣ್ಣ ಹೊಡೆದಿರುತ್ತಾರೆ ಅಂದುಕೊಂಡಿದ್ದೆ. ಹಾಗಿಲ್ಲ.

ಮೊದಲು ಅಲ್ಲಿ ಗಾಜಿನ ಗೋಡೆ, ಅದರಲ್ಲಿ ಅಂಗೈಯಗಲದ ಒಂದು ಕಿಂಡಿ ಇತ್ತು. ಬಗ್ಗಿ, ಕಿಂಡಿಗೆ ಬಾಯಿ ಹಚ್ಚಿ ಕೂಗಬೇಕು, ಹಿಂದೆ ನಿಂತವರು ನೂಕುತ್ತಿರುತ್ತಾರೆ, ನಮ್ಮ ಮನೆಯ ವಿಷಯ ಇಡೀ ಸಾಲಿಗೆ ಕೇಳುತ್ತದೆ. ಅವ್ವನಿಗೆ ಮೊಣಕಾಲು ನೋವು, ಕಿವಿಯೂ ಸ್ವಲ್ಪ ಮಂದ. ಈಗ ಗಾಜು ಇಲ್ಲ. ತಗ್ಗಾದ ಮೇಜು, ಎರಡೂ ಕಡೆ ಕುರ್ಚಿ. ಟೋಕನ್ ನಂಬರ್ ಬಂದಾಗ ಹೋಗಿ ಕುಳಿತು ಮಾತಾಡುವುದು, ಅಷ್ಟೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಮೇಜಿನ ಮೇಲೆ ನಮ್ಮ ಕಡೆ ಮುಖ ಮಾಡಿದ ಇನ್ನೊಂದು ಪರದೆ. ಅವರು ಟೈಪ್ ಮಾಡಿದ್ದೆಲ್ಲ ನಮಗೂ ಕಾಣುತ್ತದೆ. ಅವ್ವನ ಹೆಸರಿನ ಕೊನೆಗೆ ಆಧಾರ್‌ನಲ್ಲಿ ‘ವ್ವ’ ಇದೆ, ರೇಷನ್ ಕಾರ್ಡ್‌ನಲ್ಲಿ ‘ಬಾಯಿ’ ಇದೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಇದೇ ಕಥೆ, ಅಲ್ವಾ? ಮೇಜಿನ ಆಚೆ ಇದ್ದ ಹುಡುಗಿ ಪರದೆಗೆ ಬೆರಳು ತೋರಿಸಿ, “ಅವ್ವಾರ, ಹೆಸರು ಓದ್ರಿ, ಬರೋಬ್ಬರಿ ಐತೇನ್ರಿ?” ಅಂತ ಕೇಳಿದಳು. ಅವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿ, “ಬಾಯಿ ಬ್ಯಾಡ ಯವ್ವಾ, ಆಧಾರ್‌ದಾಗ ಇದ್ದಂಗ ಹಾಕು” ಅಂದಳು. ಅಲ್ಲೇ ಸರಿಯಾಯಿತು. ಇದೇ ತಪ್ಪು ಅಚ್ಚಾಗಿ ಕೈಗೆ ಬಂದಿದ್ದರೆ ಮತ್ತೊಂದು ಅರ್ಜಿ, ಅಫಿಡವಿಟ್, ಇನ್ನೂ ಮೂರು ಸಲ ಬಸ್ಸು.

ಇದು ಹೊಸ ವಿಚಾರ ಏನೂ ಅಲ್ಲ. 2000ದ ಸುಮಾರಿಗೆ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಭೂಮಿ ಯೋಜನೆ ಬಂದಾಗ ತಾಲೂಕು ಕಚೇರಿಯ ಪಹಣಿ ಕೌಂಟರ್‌ನಲ್ಲಿ ರೈತನ ಕಡೆಗೆ ತಿರುಗಿದ ಪರದೆ ಇಡುವ ಪದ್ಧತಿ ತಂದಿದ್ದರು. ಆಗ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಅಷ್ಟು ಒಳ್ಳೆಯ ರೂಢಿಯನ್ನು ಎಲ್ಲ ಕೌಂಟರ್‌ಗೂ ಆಗಲೇ ತರಬೇಕಿತ್ತು.

ಎರಡನೇ ಸಲ ಹೋದಾಗ ಆ ಹುಡುಗಿ ರಜೆಯಲ್ಲಿದ್ದಳು. ನನ್ನ ಎದೆ ಧಸಕ್ಕೆಂದಿತು. “ಆ ಟೇಬಲ್‌ನವರು ಬಂದಿಲ್ಲ, ನಾಳೆ ಬರ್ರಿ” ಅನ್ನುವ ಮಾತು ಕೇಳಿಯೇ ಬೆಳೆದವರು ನಾವು. ಆದರೆ ಪಕ್ಕದ ಮೇಜಿನವರು ನಂಬರ್ ಕೇಳಿ, ಅರ್ಜಿ ತೆರೆದು, ಎಲ್ಲಿಗೆ ಬಂದಿದೆ ಅಂತ ತೋರಿಸಿದರು. ಅಲ್ಲಿ ಈಗ ಯಾರಿಗೂ ಸ್ವಂತ ಟೇಬಲ್ ಇಲ್ಲವಂತೆ. ಯಾವ ಮೇಜಿನಲ್ಲಿ ಕುಳಿತರೂ ಯಾವ ಅರ್ಜಿಯನ್ನಾದರೂ ನೋಡಬಹುದು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳನ್ನು ಹಿಂದಿನ ಕೋಣೆಗೆ ಸಾಗಿಸಿದ್ದರಿಂದ ಅವರಿಗೂ ಕಾಲು ಚಾಚಲು ಜಾಗ ಸಿಕ್ಕಿದೆ, ಗಾಳಿ ಬರುತ್ತದೆ. ಕೆಲಸ ಮಾಡುವವರ ಬೆನ್ನು ನೆಟ್ಟಗಿದ್ದರೆ ಮಾತೂ ಮೆತ್ತಗಿರುತ್ತದೆ, ನಾನು ಕಣ್ಣಾರೆ ಕಂಡೆ.

ನಮ್ಮದು ಮುಳುಗಡೆ ಸೀಮೆ. ಆಲಮಟ್ಟಿ ಹಿನ್ನೀರಿಗೆ ಮನೆ ಹೊಲ ಬಿಟ್ಟವರು ಪರಿಹಾರಕ್ಕಾಗಿ ಎಷ್ಟು ಕಿಂಡಿಗಳ ಮುಂದೆ ನಿಂತರು ಅನ್ನುವುದು ಇಲ್ಲಿ ಮನೆಮನೆಗೂ ಗೊತ್ತು. ಅಪ್ಪನೂ ನಿಂತಿದ್ದ, ಕೈಯಲ್ಲಿ ಕಾಗದದ ಚೀಲ ಹಿಡಿದು, ವರ್ಷಗಟ್ಟಲೆ. ಅವನಿಗೆ ಒಮ್ಮೆಯಾದರೂ ಇಂಥ ಒಂದು ಕುರ್ಚಿ ಸಿಗಬೇಕಿತ್ತು.

ಇನ್ನು ತಕರಾರು. ಇಳಿಜಾರು ದಾರಿ ತೀರಾ ಕಡಿದಾಗಿದೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಅನ್ನುವುದು ಲೆಕ್ಕ. ಇಲ್ಲಿ ಕಟ್ಟೆ ಹೆಚ್ಚುಕಡಿಮೆ ಎರಡು ಅಡಿ, ಅಂದರೆ 24 ಅಡಿ ಬೇಕು, ಇರುವುದು ಎಂಟು ಹತ್ತು ಅಡಿ. ಗಾಲಿಕುರ್ಚಿಯಲ್ಲಿ ಬಂದ ಒಬ್ಬರನ್ನು ಇಬ್ಬರು ಸೇರಿ ಮೇಲಕ್ಕೆ ತಳ್ಳಬೇಕಾಯಿತು. ಅರ್ಜಿ ಬರೆಯಲು ಒಳಗೆ ಒಂದು ಹಲಗೆಯೂ ಇಲ್ಲ, ಹಾಗಾಗಿ ಜನ ಈಗಲೂ ಹೊರಗೆ ಬೇವಿನ ಮರದ ಕೆಳಗೆ ದುಡ್ಡು ಕೊಟ್ಟು ಬರೆಸುತ್ತಾರೆ. ಗೋಡೆಗುಂಟ ಎದೆ ಎತ್ತರಕ್ಕೆ ಒಂದು ಹಲಗೆ, ದಾರ ಕಟ್ಟಿದ ನಾಲ್ಕು ಪೆನ್ನು, ತುಂಬಿದ ಅರ್ಜಿಯ ಒಂದು ಮಾದರಿ ಹಾಕಿದರೆ ಸಾಕು, ಇದಕ್ಕೆ ದೊಡ್ಡ ಟೆಂಡರ್ ಬೇಕಾಗಿಲ್ಲ. ಹೆಂಗಸರ ಶೌಚಾಲಯ ಚೆನ್ನಾಗಿ ಕಟ್ಟಿದ್ದಾರೆ, ಆದರೆ ಎರಡೂ ಸಲ ಕೀಲಿ ಹಾಕಿತ್ತು. ಅವ್ವ ಬಸ್ ಸ್ಟ್ಯಾಂಡ್‌ವರೆಗೆ ನಡೆದು ಹೋಗಬೇಕಾಯಿತು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಯಾವ ಕೆಲಸ ಎಷ್ಟು ದಿನದೊಳಗೆ ಆಗಬೇಕು ಅನ್ನುವ ಸಕಾಲ ಕಾಯ್ದೆಯ ಬೋರ್ಡನ್ನು ಫ್ಯಾನಿನ ಎತ್ತರಕ್ಕೆ ತೂಗುಹಾಕಿದ್ದಾರೆ. ಅದನ್ನು ಕಣ್ಣೆದುರು ತರಬೇಕು. 2012ರಿಂದ ಈ ಕಾಯ್ದೆ ನಡೆಯುತ್ತಿದೆ, ಗೊತ್ತಾದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು ಅಂತ ನನ್ನ ಪಕ್ಕ ಕುಳಿತಿದ್ದ ಅಜ್ಜನಿಗೆ ಗೊತ್ತೇ ಇರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೀಲಿ ತೆಗೆದರೆ ನಾಲ್ಕು.

ಪೌತಿ ಖಾತೆಗೆ ಹೋಗುವವರು ಸಂತೆ ದಿನ ಬಿಟ್ಟು ಹೋಗಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಒಯ್ಯಿರಿ. ಸಕಾಲ ನಂಬರಿನ ಚೀಟಿ ಕೇಳಿ ಇಸಕೊಳ್ಳಿ. ಪರದೆಯ ಮೇಲೆ ಹೆಸರನ್ನು ಎರಡು ಸಲ ಓದಿ, ಆಮೇಲೆ ಹೂಂ ಅನ್ನಿ.