ಶಾಲೆಯೆದುರಿನ ರಸ್ತೆ ಉಬ್ಬಿಗೆ ಅರ್ಜಿ ಹಾಕಿದ ಅನುಭವ

ನಮ್ಮ ಬಡಾವಣೆಯ ಶಾಲೆಯೆದುರಿನ ಅಡ್ಡರಸ್ತೆಗೆ ಉಬ್ಬು ಬೇಕೆಂದು ನಿವಾಸಿಗಳ ಸಂಘದ ಪರವಾಗಿ ಅರ್ಜಿ ಹಾಕಿದ ಮೇಲೆ ಈ ಸೇವೆಯ ಒಳಹೊರಗು ತಿಳಿಯಿತು. ನಮ್ಮಲ್ಲಿ ಒಪ್ಪಿಗೆ ಕೊಡುವವರು ಸಂಚಾರ ಪೊಲೀಸರು, ಹಾಕಿಸುವವರು ಪಾಲಿಕೆಯ ಎಂಜಿನಿಯರುಗಳು. ಹೀಗಾಗಿ ಕಡತ ಎರಡು ಕಚೇರಿಗಳ ನಡುವೆ ಓಡಾಡುತ್ತದೆ, ಅದರ ಹಿಂದೆ ನಾವೂ ಓಡಾಡಬೇಕಾಗುತ್ತದೆ. ಸ್ಥಳ ಪರಿಶೀಲನೆಗೆ ಬಂದ ಸಬ್ ಇನ್‌ಸ್ಪೆಕ್ಟರ್ ಶಾಲೆ ಬಿಡುವ ಹೊತ್ತಿಗೇ ಬಂದು, ಅರ್ಧ ಗಂಟೆ ನಿಂತು ನೋಡಿದ್ದು ಮಾತ್ರ ನಿಜಕ್ಕೂ ಮೆಚ್ಚುವ ಸಂಗತಿ.

ಕಾಮಗಾರಿಯ ಬಗ್ಗೆ ಅಂಥ ಮಾತು ಹೇಳಲಾರೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ವಾಹನಗಳು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಉಬ್ಬು 3.7 ಮೀಟರ್ ಅಗಲವಾಗಿ, 10 ಸೆಂ.ಮೀ. ಎತ್ತರಕ್ಕೆ ಸಾವಕಾಶವಾಗಿ ಏರಿ ಇಳಿಯಬೇಕು. ನಮಗೆ ಸಿಕ್ಕಿದ್ದು ರಾತ್ರೋರಾತ್ರಿ ಡಾಂಬರು ಸುರಿದು ಮಾಡಿದ, ಎರಡು ಅಡಿಯೂ ಅಗಲವಿಲ್ಲದ ದಿಣ್ಣೆ. ಅದರ ಮೇಲೆ ಬಿಳಿ ಪಟ್ಟಿಯಾಗಲಿ, 40 ಮೀಟರ್ ಮುಂಚೆ ಇರಬೇಕಾದ ಎಚ್ಚರಿಕೆ ಫಲಕವಾಗಲಿ ಇಲ್ಲ. ಮೊದಲ ವಾರವೇ ಹಾಲಿನವರ ಸ್ಕೂಟರಿನಿಂದ ಕ್ರೇಟು ಉರುಳಿ, ರಸ್ತೆಯೆಲ್ಲ ಹಾಲಾಯಿತು.

ಐದಕ್ಕೆ ಎರಡು ಅಂಕ. ಅರ್ಜಿ ಹಾಕುವವರು ಅಳತೆಯನ್ನೂ ಬಣ್ಣವನ್ನೂ ಅರ್ಜಿಯಲ್ಲೇ ಬರೆದು, ಸ್ವೀಕೃತಿ ಪಡೆಯುವುದು ಒಳ್ಳೆಯದು. ಬಣ್ಣಕ್ಕಾಗಿ ನಾವೀಗ ಎರಡನೆಯ ಅರ್ಜಿ ಹಾಕಿದ್ದೇವೆ.