ಪೆಟ್ಟಿಗೆ ಸೇಬಿಗೆ ಐದು ಟ್ರೇ ಸಾಲುತ್ತವೆಯೇ? ಮನೆಬಳಕೆಯ ಡಿಹೈಡ್ರೇಟರ್ ವಿಮರ್ಶೆ

ಹಿಮಾಚಲ, ಕಾಶ್ಮೀರದ ಸೇಬು ಬೆಂಗಳೂರಿಗೆ ರಾಶಿರಾಶಿ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆಗ ಇಲ್ಲಿ ಮೋಡ, ಜಿಟಿಜಿಟಿ ಮಳೆ. ಸಂಡಿಗೆ ಒಣಗಿಸುವ ತಾರಸಿಯಲ್ಲಿ ಹರವಿದರೆ ಸೇಬು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಹಾಗಾಗಿ 20 ಕೆಜಿ ಪೆಟ್ಟಿಗೆ ತರುವವರಿಗೆ ಬಿಸಿಗಾಳಿಯಲ್ಲಿ ಹಣ್ಣು ಒಣಗಿಸುವ ಈ ಯಂತ್ರ ನಿಜಕ್ಕೂ ಬೇಕು.

ದುಂಡನೆಯ ಐದು ಟ್ರೇ ಒಂದರ ಮೇಲೊಂದು, ಅಡಿಯಲ್ಲಿ ಫ್ಯಾನ್ ಮತ್ತು ಹೀಟರ್, 350 ವ್ಯಾಟ್. ಮಿಕ್ಸಿಯ ಪ್ಲಗ್ಗಿಗೇ ಹಾಕಬಹುದು. ಒಂಬತ್ತು ಗಂಟೆ ಓಡಿದರೂ 3 ಯೂನಿಟ್ ಚಿಲ್ಲರೆಗಿಂತ ಹೆಚ್ಚು ಖರ್ಚಾಗದು. ಕೊರತೆ ಇರುವುದು ಜಾಗದ್ದು. ಟ್ರೇ ಒಂದಕ್ಕೆ 250ರಿಂದ 300 ಗ್ರಾಂ ಬಿಲ್ಲೆ, ಅಂದರೆ ಒಂದು ಸಲಕ್ಕೆ ಒಂದೂವರೆ ಕೆಜಿ ದಾಟುವುದಿಲ್ಲ. ಸಿಪ್ಪೆ, ದಿಂಡು ತೆಗೆದ ಮೇಲೂ ಪೆಟ್ಟಿಗೆಯಲ್ಲಿ ಹದಿನಾರು ಕೆಜಿಯಷ್ಟು ಉಳಿಯುತ್ತದೆ. ರಾತ್ರಿಗೊಂದು ಸಲದಂತೆ ಹಾಕಿದರೂ ಹನ್ನೊಂದು ರಾತ್ರಿ ಬೇಕು. ಬೇಗ ಮುಗಿಸುವ ಆತುರಕ್ಕೆ ಬಿಲ್ಲೆಯ ಮೇಲೆ ಬಿಲ್ಲೆ ಪೇರಿಸಿದರೆ ಗಾಳಿ ಆಡದೆ ನಡುವಿನವು ಹಸಿಯಾಗಿಯೇ ಹುಳಿಯುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ.

ಬಿಲ್ಲೆ 5–6 ಮಿ.ಮೀ. ದಪ್ಪ ಇರಲಿ, ಎಲ್ಲವೂ ಒಂದೇ ಸಮ. ಬಣ್ಣ ಕಪ್ಪಾಗದಂತೆ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ 10 ನಿಮಿಷ ಅದ್ದಿಟ್ಟು, ಬಟ್ಟೆಯಲ್ಲಿ ಒರೆಸಿ ಹಾಕಿ. ಶಾಖ 57ರಿಂದ 60 ಡಿಗ್ರಿ. 70ಕ್ಕೆ ಏರಿಸಿದರೆ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ನೋಡಲು ಒಣಗಿದಂತೆ ಕಂಡರೂ ಡಬ್ಬದಲ್ಲಿ ಕೆಡುತ್ತದೆ. ಅದಕ್ಕೇ ಶಾಖ ಹೊಂದಿಸುವ ತಿರುಗುಗುಂಡಿ ಇಲ್ಲದ ಅಗ್ಗದ ಮಾದರಿ ಖಂಡಿತ ಬೇಡ. ಫ್ಯಾನ್ ಅಡಿಯಲ್ಲಿರುವುದರಿಂದ ಕೆಳಗಿನ ಟ್ರೇ ಬೇಗ ಒಣಗುತ್ತದೆ, ಮೇಲಿನದು ಹಿಂದೆ ಬೀಳುತ್ತದೆ. ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆಯಾದರೂ ಟ್ರೇಗಳನ್ನು ಮೇಲೆ ಕೆಳಗೆ ಮಾಡಿ. ಹಿಂಬದಿ ಫ್ಯಾನಿನ ಚೌಕ ಮಾದರಿಯಲ್ಲಿ ಈ ಕೆಲಸ ಅಷ್ಟಾಗಿ ಇಲ್ಲ, ಬೆಲೆ ಮಾತ್ರ ಜಾಸ್ತಿ.

ಆರರಿಂದ ಹತ್ತು ಗಂಟೆಯಲ್ಲಿ ಒಣಗುತ್ತದೆ. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಆರಿದ ಮೇಲೆ ನೋಡಿ: ಮಡಚಿದರೆ ಚರ್ಮದಂತೆ ಬಾಗಬೇಕು, ಅಂಟಬಾರದು, ಒತ್ತಿದರೆ ತೇವ ಜಿನುಗಬಾರದು. ಆಮೇಲೆ ಗಾಜಿನ ಜಾಡಿಯಲ್ಲಿ ಮುಕ್ಕಾಲಿಗಿಂತ ಕಡಿಮೆ ತುಂಬಿ, ವಾರ ಹತ್ತು ದಿನ ದಿನಕ್ಕೊಮ್ಮೆ ಕುಲುಕಿ. ಒಳಗೋಡೆಯಲ್ಲಿ ಹನಿ ಕಂಡರೆ ಮತ್ತೆ ಯಂತ್ರಕ್ಕೆ. ಈ ಹಂತ ಬಿಟ್ಟರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು.

ಏಟು ಬಿದ್ದ ಹಣ್ಣು ಹನ್ನೊಂದು ರಾತ್ರಿ ಕಾಯುವುದಿಲ್ಲ. ಅದನ್ನು ಮೊದಲೇ ಆರಿಸಿ, ಏಟಿನ ಭಾಗ ಕೊಚ್ಚಿ ತೆಗೆದು, ಬೇಯಿಸಿ ಮಸೆದು, ಕುದಿಕುದಿಯಾಗಿಯೇ ಸೀಲ್ ಆಗುವ ಮುಚ್ಚಳದ ಅರ್ಧ ಲೀಟರ್ ಜಾಡಿಗೆ ತುಂಬಿ. ಮೇಲೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಖಾಲಿ ಬಿಟ್ಟು, ಮುಚ್ಚಳ ಮುಳುಗುವಷ್ಟು ಕುದಿಯುವ ನೀರಿನಲ್ಲಿ 20 ನಿಮಿಷ ಇಡಿ. ಸಮುದ್ರಮಟ್ಟದ ಊರಿಗೆ 15 ಸಾಕು. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಆ ಐದು ನಿಮಿಷ ಕಡಿಮೆ ಮಾಡಬೇಡಿ.