ಸ್ಕಾಪಾ ಫ್ಲೋಗೆ ಹೊರಟ ಕೊಡಗಿನವರಿಗೆ ಯಾವ ಡ್ರೈಸೂಟ್ ಸರಿ?

ನೇತ್ರಾಣಿಯಲ್ಲಿ ಡೈವಿಂಗ್ ಕಲಿತು, ಮುಳುಗಿದ ಹಡಗುಗಳ ಹುಚ್ಚು ಹಿಡಿದವರು ಇವತ್ತಲ್ಲ ನಾಳೆ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಕೊಲ್ಲಿಯ ಕಡೆ ಕಣ್ಣು ಹಾಕುತ್ತಾರೆ. ಅಲ್ಲಿನ ನೀರು ಬೇಸಿಗೆಯ ಕೊನೆಗೂ 14 ಡಿಗ್ರಿಯ ಆಸುಪಾಸು, ವಸಂತದಲ್ಲಿ 7–8. ನೇತ್ರಾಣಿಗೆ ಸಾಕಾಗುವ, ನೀರು ಒಳಗೆ ಬಿಡುವ ರಬ್ಬರಿನ 3 ಮಿ.ಮೀ. ವೆಟ್‌ಸೂಟ್ ಅಲ್ಲಿ ಲೆಕ್ಕಕ್ಕಿಲ್ಲ. 7 ಮಿ.ಮೀ.ನದ್ದು ಕೂಡ 35 ಮೀಟರ್ ಆಳದಲ್ಲಿ ನಾಲ್ಕೂವರೆ ಪಟ್ಟು ಒತ್ತಡಕ್ಕೆ ಸಿಕ್ಕಿ ತೆಳುವಾಗುತ್ತದೆ, ಬೆಚ್ಚಗಿಡುವ ಗುಣ ಅಲ್ಲಿಗೆ ಮುಗಿಯಿತು. ನೀರು ಒಳಬಿಡದೆ ಮೈ ಒಣದಾಗಿಡುವ ಡ್ರೈಸೂಟ್ ಬೇಕೇ ಬೇಕು. ನಮ್ಮ ಆಯ್ಕೆ: ಮೂರು ಪದರದ ಬಟ್ಟೆಯ ಸೂಟ್, ಎದೆಯ ಮೇಲೆ ಓರೆಯಾಗಿ ಬರುವ ಪ್ಲಾಸ್ಟಿಕ್ ಜಿಪ್, ಕತ್ತು, ಮಣಿಕಟ್ಟಿನಲ್ಲಿ ನೀರು ನುಗ್ಗದಂತೆ ಬಿಗಿಹಿಡಿಯುವ, ಉಂಗುರಕ್ಕೆ ಕೂರಿಸುವ ಸಿಲಿಕೋನ್ ಸೀಲ್. ಇದಕ್ಕೆ ಅರ್ಧ ಕಾರಣ ಆ ಸಮುದ್ರ, ಇನ್ನರ್ಧ ಮಡಿಕೇರಿಯ ಮಳೆ.

ಸಮುದ್ರದ ಮಾತು ಮೊದಲು. 1919ರ ಜೂನ್ 21ರಂದು ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ ಆಜ್ಞೆಯಂತೆ ಜರ್ಮನ್ ನಾವಿಕರು ಮೊದಲ ಮಹಾಯುದ್ಧದ ಕೊನೆಯಲ್ಲಿ ಇಲ್ಲಿ ಸೆರೆಯಾಗಿದ್ದ ತಮ್ಮದೇ ಹಡಗುಗಳಿಗೆ ನೀರು ನುಗ್ಗಿಸಿದರು. 74ರಲ್ಲಿ 52 ಮುಳುಗಿದವು. ಹೆಚ್ಚಿನವನ್ನು ಆಮೇಲೆ ಗುಜರಿಗೆಂದು ಎತ್ತಿದರು. ದೊಡ್ಡವುಗಳಲ್ಲಿ ಏಳು ಉಳಿದಿವೆ. ಕೋನಿಗ್, ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್, ಮಾರ್ಕ್‌ಗ್ರಾಫ್ ಎಂಬ ಮೂರು ಯುದ್ಧನೌಕೆಗಳು ಬೋರಲಾಗಿ ಬಿದ್ದಿವೆ. ಕ್ಯೋಲ್ನ್, ಡ್ರೆಸ್ಡೆನ್, ಬ್ರುಮ್ಮರ್, ಕಾರ್ಲ್ಸ್‌ರೂಹೆ ಎಂಬ ನಾಲ್ಕು ಕ್ರೂಸರ್‌ಗಳು ಮಗ್ಗುಲಾಗಿ ಮಲಗಿವೆ. ಏಳೂ ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕಗಳು: ನೋಡಬಹುದು, ಒಂದು ಮೊಳೆಯನ್ನೂ ಎತ್ತುವಂತಿಲ್ಲ. ಅದೇ ಕೊಲ್ಲಿಯಲ್ಲಿರುವ ಬ್ರಿಟಿಷ್ ಯುದ್ಧನೌಕೆಗಳಾದ ರಾಯಲ್ ಓಕ್ ಮತ್ತು ವ್ಯಾನ್‌ಗಾರ್ಡ್ ನಾವಿಕರ ಸಮಾಧಿಗಳು, ಅಲ್ಲಿಗೆ ಪ್ರವೇಶವೇ ಇಲ್ಲ. ಕಾರ್ಲ್ಸ್‌ರೂಹೆ ಸುಮಾರು 26 ಮೀಟರ್‌ನಲ್ಲಿದೆ, ಮಾರ್ಕ್‌ಗ್ರಾಫ್ 45ರಲ್ಲಿ. ಇಂಥ ಕಡೆ ಚಳಿಗೆ ನಡುಗುವವರು ನೆಟ್ಟಗೆ ತೇಲಲಾರರು. ಕಾಲಿಗೆ ತೊಟ್ಟ ಫಿನ್ ತಳಕ್ಕೆ ತಾಗಿ ಹೂಳು ಏಳುತ್ತದೆ, ಕೈ ತಾನಾಗಿ ಹಡಗಿನ ತುಕ್ಕು ಹಿಡಿದ ತಗಡಿಗೆ ಹೋಗುತ್ತದೆ. ನೂರು ವರ್ಷ ದಾಟಿದ ಕಬ್ಬಿಣ ಅಷ್ಟಕ್ಕೇ ಪುಡಿಯಾಗುತ್ತದೆ. ಬೆಚ್ಚಗಿರುವುದು ಸ್ಮಾರಕವನ್ನು ಉಳಿಸುವ ಕೆಲಸವೂ ಹೌದು.

ಈ ಬಟ್ಟೆ ನೀರು ತಡೆಯುತ್ತದೆ, ಕಾವು ಕೊಡುವುದಿಲ್ಲ. ಕಾವು ಒಳಗಿನ ಉಡುಪಿನದು. ಹತ್ತಿ ಬನಿಯನ್ ಬೇಡ, ಬೆವರು ಹೀರಿ ತಣ್ಣಗಾಗುತ್ತದೆ. ಮೈಗೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಉಡುಪು. ಹೊರಗೆ 7 ಮಿ.ಮೀ. ತಲೆಗವಸು, 5 ಮಿ.ಮೀ. ಕೈಗವಸು.

ಸೀಲ್ ವಿಚಾರಕ್ಕೆ ಹೆಚ್ಚು ಗಮನ ಬೇಕು. ಲೇಟೆಕ್ಸ್ ಎಂಬ ತೆಳು ರಬ್ಬರ್ ಅಗ್ಗ, ಕತ್ತಿಗೆ ಮೆತ್ತಗೆ ಕೂರುತ್ತದೆ. ಆದರೆ ಬಿಸಿಲು, ಎಣ್ಣೆ, ತಾಮ್ರ, ಮೋಟಾರ್ ಪಕ್ಕದ ಓಝೋನ್ ಎಲ್ಲವೂ ಅದಕ್ಕೆ ಶತ್ರು. ಕಾಫಿ ಕಣದಲ್ಲಿ ಒಣಹಾಕಿದರೆ ಬಿಸಿಲು ತಿನ್ನುತ್ತದೆ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ, ಜಿಡ್ಡು. ಕತ್ತಿನ ಸೀಲ್ ಹಿಗ್ಗಿಸಲು ತಾಮ್ರದ ಹಂಡೆಗೆ ಹಾಕಿದರಂತೂ ಕೆಟ್ಟಿತು, ಸ್ಟೀಲ್ ಪಾತ್ರೆಯೇ ಆಗಬೇಕು. ಹಾಳಾದ ಲೇಟೆಕ್ಸ್ ಮೊದಲು ಅಂಟಂಟಾಗುತ್ತದೆ, ಆಮೇಲೆ ಬಿರಿಯುತ್ತದೆ. ಬದಲಿಸುವುದೆಂದರೆ ಹಳೆಯದನ್ನು ಕಿತ್ತು, ಉಜ್ಜಿ, ಅಂಟು ಹಾಕಿ, ರಾತ್ರಿಯಿಡೀ ಒಣಗಿಸುವ ಕೆಲಸ. ಸಿಲಿಕೋನ್‌ಗೆ ಓಝೋನ್ ಭಯವಿಲ್ಲ. ಉಂಗುರದಿಂದ ತೆಗೆದು ಹೊಸದು ಕೂರಿಸಲು ಕೆಲವು ನಿಮಿಷ ಸಾಕು, ಅಂಟು ಬೇಡ. ಕೊರತೆಯೂ ಇದೆ: ಉಗುರು ತಾಗಿದರೆ ಸಾಕು, ಸೀಳಿಹೋಗುತ್ತದೆ. ಕತ್ತಿಗೊಂದು, ಮಣಿಕಟ್ಟಿಗೆರಡು ಹೆಚ್ಚುವರಿ ಇಟ್ಟುಕೊಳ್ಳದೆ ಹೊರಡಬೇಡಿ. ಸಿಲಿಕೋನ್ ಹಿಗ್ಗಿಸಿದರೂ ಹಿಗ್ಗಿದಂತೆ ಉಳಿಯುವುದಿಲ್ಲ, ಕತ್ತರಿಸಿಯೇ ಅಳತೆಗೆ ತರಬೇಕು. ಗುರುತಿನ ಗೆರೆಯಲ್ಲಿ ಒಂದು ಸುತ್ತು ಕತ್ತರಿಸಿ, ಹಾಕಿ ನೋಡಿ, ಆಮೇಲೆ ಇನ್ನೊಂದು. ಕತ್ತರಿ ಚೂಪಾಗಿರಲಿ, ಅಂಚಿನಲ್ಲಿ ಸಣ್ಣ ಕಚ್ಚು ಉಳಿದರೂ ಸೀಳು ಅಲ್ಲಿಂದಲೇ ಶುರು. ತಲೆ ಸುತ್ತಿದಂತಾದರೆ ಸೀಲ್ ಕತ್ತಿನ ರಕ್ತನಾಳ ಒತ್ತುತ್ತಿದೆ ಎಂದರ್ಥ, ಹಾಗೇ ನೀರಿಗಿಳಿಯಬಾರದು.

ಹಿತ್ತಾಳೆ ಜಿಪ್‌ನ ಸೂಟ್ ಈಗಾಗಲೇ ಇದ್ದರೆ ಎಸೆಯಬೇಕಿಲ್ಲ. ಹಲ್ಲುಗಳನ್ನು ಬ್ರಷ್‌ನಿಂದ ಉಜ್ಜಿ ಹೊರಬದಿಗೆ ಜೇನುಮೇಣ ಸವರಿ. ಅದಕ್ಕೆ ಕೊಡಗಿನಲ್ಲಿ ಬರವಿಲ್ಲ. ಸಿಲಿಕೋನ್ ಸ್ಪ್ರೇ ಬೇಡ, ಮುಂದೆ ರಿಪೇರಿ ಅಂಟು ಹಿಡಿಯುವುದಿಲ್ಲ. ಹಿತ್ತಾಳೆ ಜಿಪ್ಪನ್ನು ತೆರೆದೇ ಇಡಿ, ಯಾವ ಜಿಪ್ಪನ್ನೂ ಮಡಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯದಿರಲು ಮೊದಲು ಒಳಗಡೆ, ಆಮೇಲೆ ಹೊರಗಡೆ, ಫ್ಯಾನ್ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಬೂಟಿನ ತುದಿಯಲ್ಲಿ ತೇವ ಉಳಿಯುವುದೇ ಹೆಚ್ಚು. ಒಳಉಡುಪು ಬೇರೆ ಚೀಲದಲ್ಲಿರಲಿ.

ಎಡತೋಳು ಒದ್ದೆಯಾದರೆ ಎಲ್ಲರೂ ಸೀಲನ್ನು ದೂರುತ್ತಾರೆ. ಮೊದಲು ತೋಳಿನ ಮೇಲಿನ ಗಾಳಿ ಬಿಡುವ ವಾಲ್ವ್ ನೋಡಿ. ಉಣ್ಣೆಯ ಒಂದು ಎಳೆ ಅದರ ತೆಳು ರಬ್ಬರ್ ಬಿಲ್ಲೆಯಡಿ ಸಿಕ್ಕಿಕೊಂಡರೆ ನೀರು ಜಿನುಗುತ್ತದೆ. ಸಿಹಿನೀರಿನಲ್ಲಿ ನೆನೆಸಿ ತೊಳೆದರೆ ಬಹುತೇಕ ಸರಿಹೋಗುತ್ತದೆ.

ತೂಕ ಹೊಂದಿಸದೆ ಹೊಸ ಸೂಟ್ ಹಾಕಿ ಆಳಕ್ಕೆ ಹೋಗುವುದು ಅಪಾಯ. ವೆಟ್‌ಸೂಟಿಗೆ 4 ಕೆಜಿ ಸಾಕಾದವರಿಗೆ ದಪ್ಪ ಒಳಉಡುಪಿನ ಜತೆ 10 ಕೆಜಿ ಮೀರಬಹುದು. ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ, ಸೂಟಿನಲ್ಲಿ ಕನಿಷ್ಠ ಗಾಳಿಯಿಟ್ಟು, 5 ಮೀಟರ್‌ನಲ್ಲಿ ಅಲುಗದೆ ನಿಲ್ಲಬಲ್ಲಿರಾದರೆ ತೂಕ ಸರಿಯಿದೆ. ಸೂಟಿನೊಳಗಿನ ಗಾಳಿ ಕಾಲಿಗೆ ಹೋಗಿ ತಲೆಕೆಳಗಾದರೆ ಮಂಡಿ ಎದೆಗೆ ಎಳೆದು ಉರುಳಿ, ಎಡತೋಳು ಎತ್ತಿ ಗಾಳಿ ಬಿಡಬೇಕು. ತಡಮಾಡಿದರೆ ಕಾಲು ಮೇಲಾಗಿಯೇ ಮೇಲ್ಮೈಗೆ ಎಳೆದೊಯ್ಯುತ್ತದೆ. ಇದನ್ನು ಈಜುಕೊಳದಲ್ಲಿ ಬೋಧಕರ ಎದುರು ಮೈಗೂಡಿಸಿಕೊಳ್ಳಿ; ನೇತ್ರಾಣಿಯ ಬೆಚ್ಚನೆ ನೀರಿನಲ್ಲಿ ತೆಳು ಒಳಉಡುಪಿದ್ದರೂ ಸೆಕೆಗೆ ತಡೆಯಲಾಗದು.

ನೇತ್ರಾಣಿಯಲ್ಲಿ ಡೈವ್ ಮಾಡಿದ್ದರೆ ಅದೇ ಸಂಜೆ ಸಂಪಾಜೆ ಘಾಟಿ ಹತ್ತಬೇಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ರಕ್ತದಲ್ಲಿ ಉಳಿದ ಸಾರಜನಕ ಅಲ್ಲಿಗೆ ಏರುವಾಗ ಗುಳ್ಳೆಯಾಗಬಹುದು. ವಿಮಾನಕ್ಕೆ ಹೇಳುವ ನಿಯಮವೇ ಇಲ್ಲಿಗೂ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚಾಗಿದ್ದರೆ 18. ಮಧ್ಯಾಹ್ನ ಎರಡಕ್ಕೆ ಕೊನೆಯ ಡೈವ್ ಮುಗಿದಿದ್ದರೆ ರಾತ್ರಿ ಕರಾವಳಿಯಲ್ಲೇ ಉಳಿದು, ಬೆಳಗ್ಗೆ ಎಂಟರ ಮೇಲೆ ಘಾಟಿ ಹತ್ತಿ.